ಆರೈಕೆಯೂ ಕಾಯಕ, ಮಾಡುವವಳೇ ಒಡತಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಿಂದ ಬಂದಿರುವ ಶರಣ ಬಂಧುಗಳೇ, ಅಕ್ಕನ ಬಳಗದ ತಾಯಂದಿರೇ,

ಇಂಥ ಗೋಷ್ಠಿಗಳಲ್ಲಿ ನಾವು ಷಟ್‌ಸ್ಥಲದ ಬಗ್ಗೆ ಕೇಳುತ್ತೇವೆ, ಅಷ್ಟಾವರಣದ ಬಗ್ಗೆ ಕೇಳುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಹಾಸಿಗೆ ಹಿಡಿದವರ ಮೈ ತೊಳೆಯುವ ಕೆಲಸದ ಬಗ್ಗೆ. ಅದೂ ತತ್ವದ ಮಾತೇ ಎಂದು ನಾನು ನಂಬಿದ್ದೇನೆ.

ನಮ್ಮ ಐದೂ ತಾಲೂಕುಗಳ ಊರುಗಳನ್ನು ಒಮ್ಮೆ ಮನಸ್ಸಿನಲ್ಲೇ ಸುತ್ತಿ ಬನ್ನಿ. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳೆಲ್ಲ ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬು ಕಡಿಯಲಿಕ್ಕೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ. ಓದಿದ ಮಕ್ಕಳು ಬೆಂಗಳೂರು, ಪುಣೆ, ಇನ್ನೂ ದೂರದ ದೇಶಗಳಲ್ಲಿ ನೌಕರಿಗಿದ್ದಾರೆ. ಊರಲ್ಲಿ ಉಳಿದವರು ಅಜ್ಜ, ಅಜ್ಜಿ. ಅವರಲ್ಲಿ ಒಬ್ಬರಿಗೆ ಲಕ್ವ ಹೊಡೆದರೆ, ಸೊಂಟದ ಮೂಳೆ ಮುರಿದರೆ, ಮರೆವಿನ ಕಾಯಿಲೆ ಬಂದರೆ ನೋಡಿಕೊಳ್ಳುವವರು ಯಾರು? 2011ರ ಜನಗಣತಿಯ ಹೊತ್ತಿಗೇ ನಮ್ಮ ರಾಜ್ಯದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆಯಷ್ಟಿದ್ದರು, ದೇಶದ ಸರಾಸರಿಗಿಂತ ಹೆಚ್ಚು. ತಂದೆತಾಯಿಯನ್ನು ನೋಡಿಕೊಳ್ಳಬೇಕೆಂದು 2007ರಲ್ಲಿ ಕಾನೂನೇ ಬಂತು. ಕಾನೂನು ಮಗನಿಂದ ಹಣ ಕೊಡಿಸಬಹುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವ ಕೈಯನ್ನು ಅದು ಕೊಡಲಾರದು.

ಆ ಕೈ ಈಗ ಯಾರದು? ಮನೆಯ ಸೊಸೆಯದು, ಇಲ್ಲವೆ ಓಣಿಯ ಒಬ್ಬ ಬಡ ಹೆಣ್ಣುಮಗಳದು. ಸೊಸೆಗೆ ಕೂಲಿ ಎನ್ನುವ ಮಾತೇ ಇಲ್ಲ. ಓಣಿಯ ಹೆಣ್ಣುಮಗಳಿಗೆ ಮನೆಯವರು ಕೊಟ್ಟದ್ದೇ ಕೂಲಿ. ರಜೆ ಇಲ್ಲ, ಹೊತ್ತುಗೊತ್ತು ಇಲ್ಲ. ಅಜ್ಜಿ ತೀರಿಕೊಂಡ ದಿನವೇ ಅವಳ ಕೆಲಸವೂ ಹೋಯಿತು. ಪಟ್ಟಣಗಳಲ್ಲಿ ಇದಕ್ಕೆ ಏಜೆನ್ಸಿಗಳಿವೆ. ಬರೀ ಲೆಕ್ಕಕ್ಕೆಂದು ಹೇಳುತ್ತೇನೆ: ಮನೆಯವರು ಏಜೆನ್ಸಿಗೆ ತಿಂಗಳಿಗೆ ಹದಿನೆಂಟು ಸಾವಿರ ಕಟ್ಟಿ, ಕೆಲಸ ಮಾಡುವವಳ ಕೈಗೆ ಹನ್ನೊಂದು ಸಾವಿರ ಸೇರಿದರೆ, ನಡುವಿನ ಏಳು ಸಾವಿರ ಯಾವ ಕಾಯಕದ ಫಲ? ಮಲಮೂತ್ರ ಬಳಿದವಳು ಒಬ್ಬಳು, ಫೋನಿನಲ್ಲಿ ವಿಳಾಸ ಹೇಳಿದವನು ಇನ್ನೊಬ್ಬ.

ಇಲ್ಲಿ ನಾವು ಒಂದು ಪದದ ಬಗ್ಗೆ ಎಚ್ಚರವಾಗಿರಬೇಕು. ಈ ಕೆಲಸವನ್ನು ನಾವು ಬಾಯಿ ತುಂಬ ‘ಸೇವೆ’ ಎಂದು ಹೊಗಳುತ್ತೇವೆ. ‘ಎಂಥ ಪುಣ್ಯದ ಕೆಲಸ ತಾಯಿ’ ಎನ್ನುತ್ತೇವೆ. ಹಾಗೆ ಹೊಗಳಿದ ಬಾಯಲ್ಲೇ ಕೂಲಿಯ ಮಾತು ಬಂದಾಗ ಚೌಕಾಸಿ ಮಾಡುತ್ತೇವೆ. ಪುಣ್ಯ ಅವಳ ಪಾಲಿಗೆ, ಉಳಿತಾಯ ನಮ್ಮ ಪಾಲಿಗೆ! ಶರಣರು ಇದಕ್ಕೆ ಬೇರೆ ಪದ ಕೊಟ್ಟಿದ್ದಾರೆ: ಕಾಯಕ. ಕಾಯಕದಲ್ಲಿ ಮೇಲುಕೀಳಿಲ್ಲ. ಕಾಯಕಕ್ಕೆ ನ್ಯಾಯವಾದ ಪ್ರತಿಫಲ ಉಂಟು. ಆ ಪ್ರತಿಫಲದಿಂದಲೇ ದಾಸೋಹ ನಡೆಯಬೇಕು. ನುಲಿಯ ಚಂದಯ್ಯನವರ ಕಥೆ ತಮಗೆಲ್ಲ ಗೊತ್ತು. ಹುಲ್ಲು ಕೊಯ್ಯುವಾಗ ಜಾರಿ ಬಿದ್ದ ಇಷ್ಟಲಿಂಗ ತಾನೇ ಬೆನ್ನು ಹತ್ತಿ ಬಂದಾಗ, ನೀನೂ ಕಾಯಕ ಮಾಡಿದರೆ ಮಾತ್ರ ನನ್ನ ಬಳಿ ಇರು ಎಂದು ಅದರ ಕೈಗೂ ಹಗ್ಗದ ಕೆಲಸ ಹಚ್ಚಿದ ಶರಣ ಆತ. ಲಿಂಗಕ್ಕೇ ಕಾಯಕದಿಂದ ವಿನಾಯಿತಿ ಇಲ್ಲದಿದ್ದಾಗ, ಇನ್ನೊಬ್ಬರ ಬೆವರಿನ ಮೇಲೆ ಕುಳಿತು ಉಣ್ಣಲು ಮಧ್ಯವರ್ತಿಗೆ ಎಲ್ಲಿದೆ ವಿನಾಯಿತಿ?

ಹಾಗಾದರೆ ದಾರಿ ಏನು? ಆರೈಕೆ ಮಾಡುವ ಹೆಣ್ಣುಮಕ್ಕಳೇ ಸೇರಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳುವುದು. ಕೆಲಸ ಮಾಡುವವರೇ ಒಡೆಯರಾಗುವುದು. ಪ್ರತಿಯೊಬ್ಬಳದೂ ಒಂದು ಪಾಲು, ಒಂದು ಮತ. ಕೂಲಿ ದರ, ಪಾಳಿ, ರಜೆ ಎಲ್ಲವನ್ನೂ ಅವರ ಮಹಾಸಭೆಯೇ ತೀರ್ಮಾನಿಸುವುದು.

ಇದು ನಮಗೆ ಪರಕೀಯವಾದ ವಿಚಾರವಲ್ಲ. ಹಡಗಲಿಯವರು ತುಂಗಭದ್ರೆ ದಾಟಿದರೆ ಗದಗ ಜಿಲ್ಲೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ಈ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಸಹಕಾರದ ಕಾನೂನು ಬಂದು ಆಗ ಒಂದೇ ವರ್ಷವಾಗಿತ್ತು. ಬಡ್ಡಿ ಸಾಹುಕಾರನ ಕೈಯಿಂದ ರೈತನನ್ನು ಬಿಡಿಸಲು ಹೊರಟ ಕೆಲಸ ಅದು. ಇವತ್ತು ನಾವು ಬಿಡಿಸಬೇಕಾಗಿರುವುದು ಆರೈಕೆ ಮಾಡುವವಳನ್ನು.

ಮಠಗಳ ಭಕ್ತರಿಗೆ ಇನ್ನೊಂದು ಉದಾಹರಣೆ ಹತ್ತಿರವಾಗಬಹುದು. ಕೇರಳದ ವಡಕರದ ಹತ್ತಿರ ವಾಗ್ಭಟಾನಂದ ಗುರುಗಳು ಜಾತಿ ಮತ್ತು ಮೂಢನಂಬಿಕೆಯ ವಿರುದ್ಧ ಬೋಧಿಸಿದರು. ಅವರ ಮಾತು ಕೇಳಿದ ಕೂಲಿಕಾರರಿಗೆ ಜಮೀನುದಾರರು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಗುರುಗಳು ಶಿಷ್ಯರಿಗೆ ಹರಸಿ ಸುಮ್ಮನಾಗಲಿಲ್ಲ, ನಿಮ್ಮ ಕೆಲಸವನ್ನು ನೀವೇ ಕಟ್ಟಿಕೊಳ್ಳಿ ಎಂದು ಹುರಿದುಂಬಿಸಿದರು. 1925ರಲ್ಲಿ ಹುಟ್ಟಿದ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಇಂದು ರಸ್ತೆ, ಸೇತುವೆ ಕಟ್ಟುವ ದೊಡ್ಡ ಸಂಸ್ಥೆ. ಒಡೆತನ ಇಂದಿಗೂ ಕಾರ್ಮಿಕರದೇ.

ಹೆಣ್ಣುಮಕ್ಕಳಿಂದ ಇದು ಆಗುತ್ತದೆಯೇ ಎನ್ನುವವರು ಅಹಮದಾಬಾದಿನ ಕಡೆ ನೋಡಬೇಕು. 1972ರಲ್ಲಿ ಇಳಾ ಭಟ್ ಅವರು ಬೀದಿ ವ್ಯಾಪಾರದ, ಬೀಡಿ ಕಟ್ಟುವ, ತಲೆಹೊರೆ ಹೊರುವ ಹೆಂಗಸರನ್ನು ಸೇರಿಸಿ ‘ಸೇವಾ’ ಸಂಘಟನೆ ಕಟ್ಟಿದರು. ಎರಡೇ ವರ್ಷದಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕು ತೆರೆದರು. ಅವರಲ್ಲಿ ಅನೇಕರಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ. ಮುಂದೆ ಅದೇ ಬಳಗದಿಂದ ಸೂಲಗಿತ್ತಿಯರ, ಆರೋಗ್ಯ ಕಾರ್ಯಕರ್ತೆಯರ ಸಹಕಾರ ಸಂಘ ಹುಟ್ಟಿತು. ಮನೆಮನೆಗೆ ಹೋಗಿ ಆರೈಕೆ ಮಾಡುವವರ ಸಂಘವೂ ಬಂತು.

ದೇಶದ ಹೊರಗೂ ಇದೇ ಮಾತು. ಇಟಲಿಯ ಬೊಲೋನ್ಯಾದಲ್ಲಿ ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರು 1974ರಲ್ಲಿ ತಮ್ಮ ಸಂಘ ಕಟ್ಟಿದರು. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ 1985ರಲ್ಲಿ ಹನ್ನೆರಡು ಮಂದಿ ಆರೈಕೆದಾರರಿಂದ ಶುರುವಾದ ಸಂಘ ಮುಂದೆ ಎರಡು ಸಾವಿರ ಮಂದಿಯನ್ನು ಮೀರಿ ಬೆಳೆಯಿತು. ಅಲ್ಲಿ ದುಡಿಯುವವರು ಬಹುಪಾಲು ಕಪ್ಪು ಜನಾಂಗದ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಹೆಂಗಸರು. ಪಾಲಿನ ಹಣ ಒಂದು ಸಾವಿರ ಡಾಲರ್. ಒಮ್ಮೆಲೇ ಕಟ್ಟಲಾಗದವರು ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಮುರಿಸಿ ಕಟ್ಟುತ್ತಾರೆ. ತರಬೇತಿ ಉಚಿತ. ಹಾಗೆಂದು ಅವರೇನೂ ಶ್ರೀಮಂತರಾಗಿಲ್ಲ. ಅಲ್ಲಿ ಆರೈಕೆಗೆ ಸರ್ಕಾರ ಕೊಡುವ ದರವೇ ಕಡಿಮೆ, ಆದ್ದರಿಂದ ಕೂಲಿಗೂ ಒಂದು ಮಿತಿಯುಂಟು. ಸಂಘ ಕಟ್ಟಿದೊಡನೆ ಬಡತನ ಓಡುವುದಿಲ್ಲ. ಆದರೆ ಬಂದ ಹಣದಲ್ಲಿ ಯಾರಿಗೆಷ್ಟು ಎಂಬ ಲೆಕ್ಕ ದುಡಿದವಳ ಕಣ್ಣೆದುರು ಇರುತ್ತದೆ. ಅದು ಸಣ್ಣ ಮಾತಲ್ಲ.

ನಮ್ಮಲ್ಲಿ ಇದು ಹೇಗೆ ನಡೆದೀತು? ಒಂದು ತಾಲೂಕಿನಲ್ಲಿ ಹದಿನೈದೋ ಇಪ್ಪತ್ತೋ ಹೆಣ್ಣುಮಕ್ಕಳಿಂದ ಶುರುವಾಗಲಿ. ಸ್ತ್ರೀಶಕ್ತಿ ಗುಂಪುಗಳಲ್ಲಿ ಉಳಿತಾಯ ಮಾಡಿ, ಲೆಕ್ಕ ಬರೆದು ಪಳಗಿದವರು ಎಲ್ಲ ಊರಲ್ಲೂ ಇದ್ದಾರೆ. ಮೊದಲು ತರಬೇತಿ ಬೇಕು. ಮಗ್ಗುಲು ಬದಲಿಸುವುದು, ಒರಗಿ ಕೂರಿಸಿ ಗಂಟಲಿಗೆ ಸಿಗದಂತೆ ಉಣಿಸುವುದು, ಮೂತ್ರದ ಪೈಪು ಶುಚಿಯಾಗಿಡುವುದು, ಸಕ್ಕರೆ ಇಳಿದಾಗ ಗುರುತಿಸುವುದು, ತನ್ನ ಸೊಂಟ ಉಳುಕಿಸಿಕೊಳ್ಳದೆ ರೋಗಿಯನ್ನು ಎತ್ತುವುದು, ಯಾವಾಗ ಡಾಕ್ಟರನ್ನು ಕರೆಯಬೇಕೆಂದು ತಿಳಿಯುವುದು. ಇದನ್ನು ಕಲಿಸಬಲ್ಲ ನಿವೃತ್ತ ನರ್ಸುಗಳು ನಮ್ಮ ಭಕ್ತರಲ್ಲೇ ಇದ್ದಾರೆ. ಶರಣರಲ್ಲಿ ವೈದ್ಯ ಸಂಗಣ್ಣನವರು ಇದ್ದರೆಂಬುದನ್ನು ಆ ತಾಯಂದಿರಿಗೆ ನೆನಪಿಸಿದರೆ ಸಾಕು, ಬರುತ್ತಾರೆ.

ಆಮೇಲೆ ಸಂಘದ ನೋಂದಣಿ. ಮನೆಯವರು ಹಣವನ್ನು ಸಂಘಕ್ಕೆ ಕಟ್ಟುತ್ತಾರೆ, ಸಂಘ ರಸೀದಿ ಕೊಡುತ್ತದೆ. ಹಗಲಿಗೊಬ್ಬಳು, ರಾತ್ರಿಗೊಬ್ಬಳು, ವಾರಕ್ಕೊಂದು ರಜೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಹೋಗುತ್ತಾಳೆ. ಇದರಿಂದ ಮನೆಯವರಿಗೂ ನೆಮ್ಮದಿ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ 2004ರಷ್ಟು ಹಿಂದೆಯೇ ಕರ್ನಾಟಕ ಮುಂದಾಗಿತ್ತು. ಆದರೆ ನಾಲ್ಕು ಗೋಡೆಯೊಳಗೆ ಒಬ್ಬಂಟಿಯಾಗಿ ದುಡಿಯುವವಳು ಆ ಹಕ್ಕನ್ನು ಯಾರ ಮುಂದೆ ಕೇಳಬೇಕು? ಸಂಘವಿದ್ದರೆ ಸಂಘ ಕೇಳುತ್ತದೆ. ಖರ್ಚು ಕಳೆದು ಉಳಿದದ್ದರಲ್ಲಿ ಒಂದು ಪಾಲು ಕಾಯ್ದಿಟ್ಟ ನಿಧಿಗೆ, ಮಿಕ್ಕದ್ದು ಸದಸ್ಯೆಯರ ಒಳಿತಿಗೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನವರೇ ಇಂಥ ಸಂಘಕ್ಕೆ ಆದರ್ಶ.

ಬಂಧುಗಳೇ, ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ಹಣಕ್ಕಿಂತ ದೊಡ್ಡ ಅಡ್ಡಿ ನಮ್ಮ ಹೊಸ್ತಿಲು. ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ದಲಿತ ಕೇರಿಯ ತಾಯಂದಿರೇ ಆಗಿರುತ್ತಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕಾನೂನು ಬಂದರೂ, ಆ ಪದ್ಧತಿಯಿಂದ ನಲುಗಿದ ತಾಯಂದಿರು ನಮ್ಮ ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರೂ, ಅವರ ಹೆಣ್ಣುಮಕ್ಕಳೂ ಈ ಸಂಘದ ಒಡತಿಯರಾಗಬಲ್ಲರು. ಆಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಲಗಿದ ಅಪ್ಪನ ಮೈ ತೊಳೆಯಲು ಅವಳ ಕೈ ಆಗುತ್ತದೆ, ಅಡುಗೆಮನೆಯ ತಂಬಿಗೆ ಮುಟ್ಟಲು ಆಗುವುದಿಲ್ಲ. ಅವಳ ಚಹಾಕ್ಕೆ ಬೇರೆ ಲೋಟ, ಊಟಕ್ಕೆ ಹಿತ್ತಲು. ಇಷ್ಟಲಿಂಗ ಕಟ್ಟಿಕೊಂಡ ಅಪ್ಪನ ಎದೆಯನ್ನೇ ಒರೆಸಿದ ಕೈ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕೆ?

ಹರಳಯ್ಯ, ಮಧುವರಸರು ತಮ್ಮ ಮಕ್ಕಳ ಮದುವೆ ಮಾಡಿ ಪ್ರಾಣವನ್ನೇ ತೆತ್ತರು. ಸೂಳೆ ಸಂಕವ್ವೆಯನ್ನು ಶರಣೆಯರ ಸಾಲಿನಲ್ಲಿ ಎಣಿಸಿ ಗೌರವಿಸುತ್ತೇವೆ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ಊರೂರಲ್ಲಿ ಸಿಹಿ ಹಂಚಿದೆವು. ನಮ್ಮಿಂದ ಈಗ ಪ್ರಾಣವನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದೇ ಲೋಟ, ಒಂದೇ ಪಂಕ್ತಿ. ಅಷ್ಟೂ ಕೊಡಲಾಗದಿದ್ದರೆ ವೇದಿಕೆಯ ಮೇಲೆ ಕಲ್ಯಾಣದ ಮಾತಾಡುವ ಹಕ್ಕು ನಮಗಿರುವುದಿಲ್ಲ.

ಪೂಜ್ಯರಲ್ಲಿ ಮತ್ತು ಭಕ್ತರಲ್ಲಿ ನನ್ನದು ನಾಲ್ಕು ಅರಿಕೆ.

ಮೊದಲನೆಯದು, ಮಠದ ಒಂದು ಕೋಣೆಯನ್ನು ತರಬೇತಿಗೆ, ಸಂಘದ ಕಚೇರಿಗೆ ಬಿಟ್ಟುಕೊಡಬೇಕು.

ಎರಡನೆಯದು, ಕೋಣೆ ಕೊಟ್ಟೆವೆಂದು ಅಧ್ಯಕ್ಷರ ಕುರ್ಚಿ ಕೇಳಬಾರದು. ಇದು ಬಹಳ ಮುಖ್ಯ. ಗಣ್ಯರು ನಿರ್ದೇಶಕರಾಗಿ, ದುಡಿಯುವವರು ಬರೀ ಸಹಿ ಹಾಕುವ ಸಂಘಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಆರೈಕೆ ಮಾಡದವರಿಗೆ ಈ ಸಂಘದಲ್ಲಿ ಮತ ಇರಬಾರದು. ಮಠ ಬೆನ್ನಿಗಿರಲಿ, ತಲೆಯ ಮೇಲೆ ಬೇಡ.

ಮೂರನೆಯದು, ದಾಸೋಹದ ಒಂದು ಪಾಲು ಹಾಸಿಗೆ ಹಿಡಿದ ಬಡವರಿಗೆ ಸಲ್ಲಬೇಕು. ಸಂಬಳದಾರರ ಮನೆಯವರು ಸಂಘಕ್ಕೆ ಹಣ ಕಟ್ಟಬಲ್ಲರು. ಗುಳೆ ಹೋದವರ ಮನೆಯ ಅಜ್ಜಿಗೆ ಬರುವ ಪಿಂಚಣಿ ಔಷಧಕ್ಕೇ ಸಾಲದು. ಅಂಥವರ ಆರೈಕೆಯ ಕೂಲಿಯನ್ನು ಮಠ ಸಂಘಕ್ಕೆ ತುಂಬಿಕೊಡಲಿ. ಪುಕ್ಕಟೆ ಮಾಡಿರೆಂದು ಆ ಹೆಣ್ಣುಮಕ್ಕಳನ್ನು ಕೇಳುವುದು ಬೇಡ. ಹಾಗೆ ಕೇಳಿದರೆ ಅದು ಅವರ ದಾಸೋಹವಾದೀತು, ನಮ್ಮದಲ್ಲ.

ನಾಲ್ಕನೆಯದು ಪ್ರತಿ ಮನೆಗೆ. ಆರೈಕೆಗೆ ಬಂದ ತಾಯಿಯನ್ನು ಹೆಸರಿಡಿದು ‘ಅಕ್ಕಾ’ ಎಂದು ಕರೆಯಿರಿ, ಮನೆಯವರು ಉಣ್ಣುವ ಜಾಗದಲ್ಲೇ ಉಣಬಡಿಸಿರಿ, ತಿಂಗಳ ಹಣವನ್ನು ಹೇಳಿದ ದಿನಕ್ಕೇ ಕಟ್ಟಿರಿ.

ನಮ್ಮ ಹಿರಿಯರು ಹಳ್ಳಿಹಳ್ಳಿಯಿಂದ ಜೋಳ, ಅಕ್ಕಿ ಕೂಡಿಸಿ ಪ್ರಸಾದ ನಿಲಯಗಳನ್ನು ಕಟ್ಟಿದರು. ಅಲ್ಲಿ ಉಂಡು ಓದಿದ ಮಕ್ಕಳೇ ಇಂದು ದೂರದ ಊರುಗಳಲ್ಲಿದ್ದಾರೆ. ಅವರ ತಂದೆತಾಯಿ ಇಲ್ಲಿ ಮುಪ್ಪಾಗುತ್ತಿದ್ದಾರೆ. ಆಗ ಮಕ್ಕಳ ಹಸಿವಿಗೆ ಓಗೊಟ್ಟ ಸಮಾಜ, ಈಗ ಮುಪ್ಪಿನವರ ಕರೆಗೆ ಓಗೊಡಬೇಕು. ಓಗೊಡುವಾಗ ಇನ್ನೊಬ್ಬ ಬಡ ಹೆಣ್ಣಿನ ಬೆನ್ನು ಬಾಗಿಸಬಾರದು. ಐದು ತಾಲೂಕಿನಲ್ಲಿ ಒಂದಾದರೂ ಊರು ಮೊದಲ ಹೆಜ್ಜೆ ಇಡಲಿ. ಮುಂದಿನ ಗೋಷ್ಠಿಗೆ ಬರುವಾಗ ತಮ್ಮ ಊರಿನಲ್ಲಿ ಹಾಸಿಗೆ ಹಿಡಿದವರ ಒಂದು ಪಟ್ಟಿ, ಆರೈಕೆ ಮಾಡುತ್ತಿರುವ ತಾಯಂದಿರ ಇನ್ನೊಂದು ಪಟ್ಟಿ ತನ್ನಿ. ಕೆಲಸ ಅಲ್ಲಿಂದ ಶುರುವಾಗುತ್ತದೆ.