ಗಾಜು ಒರೆಸುವ ಕಾಯಕ



ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಅಂಗಡಿಯ ಮುಖಕ್ಕೆ ಹಿಂದೆ ಇದ್ದುದು ಹಲಗೆಯ ಬಾಗಿಲು. ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸಿ, ಹೊಸ್ತಿಲಿಗೆ ನೀರು ಚಿಮುಕಿಸಿದರೆ ವ್ಯಾಪಾರ ಆರಂಭವಾಯಿತೆಂದು ಅರ್ಥ. ಆಮೇಲೆ ತಗಡಿನ ಷಟರು ಬಂದಿತು. ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳಿಗೂ ಗಾಜು ಬಂದಿದೆ. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಬಗೆಯ ಫಲಕ ಹೊತ್ತು ಊರೂರಿಗೆ ಹಬ್ಬುತ್ತಿರುವ ಮಳಿಗೆಗಳನ್ನು ವ್ಯವಹಾರದ ಭಾಷೆಯಲ್ಲಿ ಚೈನ್ ಸ್ಟೋರ್ ಎನ್ನುತ್ತಾರೆ. ಸರಪಳಿ ಅಂಗಡಿಗಳೆಂದು ನಾವು ಕರೆಯೋಣ. ಔಷಧಿ, ಪಾದರಕ್ಷೆ, ಸಿದ್ಧ ಉಡುಪು, ಕನ್ನಡಕ, ಎಲ್ಲವೂ ಇಂದು ಗಾಜಿನ ಹಿಂದೆಯೇ.

ಗಾಜು ಬಂದ ಮೇಲೆ ಗಾಜನ್ನು ಒರೆಸುವವನೂ ಬರಬೇಕಷ್ಟೆ. ಅವನ ವಿಷಯವಾಗಿ ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಸಾಹಿತ್ಯ ಪಾಠ ಹೇಳಿದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ನನ್ನಲ್ಲಿ ಪದವಿ ತರಗತಿಗೆ ಓದಿದ ಹೊನ್ನಾಳಿಯ ತರುಣನೊಬ್ಬ ಈ ಉದ್ಯೋಗವನ್ನು ಹಿಡಿದಿದ್ದಾನೆ. "ಸರ್, ನಾಲ್ಕು ಊರಿನ ಅಂಗಡಿಗಳ ಕೆಲಸ ಒಟ್ಟಿಗೆ ಸಿಕ್ಕರೆ ಬದುಕಿಕೊಳ್ಳುತ್ತೇನೆ. ಒಂದು ಅರ್ಜಿ ತಿದ್ದಿಕೊಡಿ" ಎಂದು ಬಂದ. ಅವನ ತಂದೆಯಾದರೋ, "ಬಿ.ಎ. ಮಾಡಿ ಗಾಜು ಒರೆಸ್ತೀಯೇನಲೇ ತಮ್ಮಾ?" ಎಂದು ಮಾತು ಬಿಟ್ಟಿದ್ದರು. ಹೀಗಾಗಿ ನನ್ನ ಮುಂದೆ ಇದ್ದದ್ದು ಒಂದು ಅರ್ಜಿ ಮಾತ್ರವಲ್ಲ, ಒಂದು ಮನೆಯ ಮರ್ಯಾದೆಯ ಪ್ರಶ್ನೆಯೂ ಹೌದು.

ಅರ್ಜಿಯ ಮೊದಲ ಕರಡಿನಲ್ಲಿ ವಿಶೇಷಣಗಳೇ ತುಂಬಿದ್ದವು: ಅತ್ಯುತ್ತಮ ಸೇವೆ, ವಿಶ್ವಾಸಾರ್ಹ ಸಂಸ್ಥೆ, ನುರಿತ ಕೆಲಸಗಾರರು. ಅವನ್ನೆಲ್ಲ ಹೊಡೆದುಹಾಕಿ ಅಂಕಿಗಳನ್ನು ಬರೆಯಿಸಿದೆ. ಯಾವ ಊರಿಗೆ ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ಚದರಡಿ ಗಾಜು, ಒಂದು ಸಲಕ್ಕೆ ಎಷ್ಟು ಹಣ, ತಪ್ಪಿದರೆ ಯಾರು ಹೊಣೆ. ಜೊತೆಗೆ, ಒರೆಸುವ ಮೊದಲೂ ಆಮೇಲೂ ತೆಗೆದ ಎರಡು ಛಾಯಾಚಿತ್ರ, ದಿನಾಂಕಸಹಿತ. ಒಳ್ಳೆಯ ಗದ್ಯದ ಲಕ್ಷಣವೂ ಇದೇ ಅಲ್ಲವೆ?

ಆದರೆ ಅರ್ಜಿಯನ್ನು ಕೊಡುವುದು ಯಾರಿಗೆ? ಇಲ್ಲಿಯೇ ಈ ವ್ಯವಹಾರದ ಮರ್ಮವಿದೆ. ಹಳೆಯ ಅಂಗಡಿಯಲ್ಲಿ ಗಲ್ಲಾದ ಮೇಲೆ ಕುಳಿತವನೇ ಯಜಮಾನ. ಅವನು ತಲೆಯಾಡಿಸಿದರೆ ಕೆಲಸ ಸಿಕ್ಕಂತೆಯೇ. ಸರಪಳಿ ಅಂಗಡಿಯಲ್ಲಿ ಕುಳಿತವನು ಸಂಬಳಗಾರ. ಚಿಲ್ಲರೆ ಖರ್ಚಿನ ಹಣದಲ್ಲಿ ಒಂದು ದಿನದ ಕೆಲಸ ಕೊಡುವುದು ಅವನ ಕೈಯಲ್ಲಿರಬಹುದು. ವರ್ಷದ ಕರಾರು ಮಾತ್ರ ಸಾಮಾನ್ಯವಾಗಿ ಮೇಲಿನ ಕಚೇರಿಯದು. ಎಷ್ಟೋ ವೇಳೆ ಆ ಕಚೇರಿಯೂ ನೇರವಾಗಿ ಕೊಡುವುದಿಲ್ಲ. ನಿರ್ವಹಣೆಯ ದೊಡ್ಡ ಕಂಪನಿಯೊಂದಕ್ಕೆ ಎಲ್ಲ ಊರುಗಳ ಗುತ್ತಿಗೆಯನ್ನೂ ವಹಿಸಿಬಿಟ್ಟಿರುತ್ತದೆ. ಆದರೆ ಜಗಳೂರಿನ ಒಂದು ಗಾಜಿಗಾಗಿ ದೂರದ ನಗರದಿಂದ ಆಳು ಕಳುಹಿಸುವುದು ಆ ದೊಡ್ಡವರಿಗೆ ಹೊರೆಯೇ. ದೊಡ್ಡವರು ತಲುಪಲಾರದ ಸ್ಥಳವೇ ಚಿಕ್ಕವನ ಬಂಡವಾಳ. ಆದ್ದರಿಂದ ಅರ್ಜಿಯ ಒಂದು ಪ್ರತಿಯನ್ನು ಅಂಥವರಿಗೂ ಕಳುಹಿಸಬೇಕು. ಅದಕ್ಕೂ ಮೊದಲು ಸ್ಥಳೀಯ ವ್ಯವಸ್ಥಾಪಕನ ಒಪ್ಪಿಗೆ ಪಡೆದು ಒಂದು ಮಳಿಗೆಯ ಗಾಜನ್ನು ಒರೆಸಿ ತೋರಿಸಬೇಕು. ಅವನು ಮೇಲಿನವರಿಗೆ ಬರೆಯುವ ಎರಡು ಸಾಲು ನಮ್ಮ ಇಪ್ಪತ್ತು ಪುಟಕ್ಕಿಂತ ಮೇಲು.

ಇನ್ನು ಲೆಕ್ಕ. ಒಂದು ಮಳಿಗೆಗೆ ಒಂದು ಸಲಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊನ್ನಾಳಿ ಅವನ ಸ್ವಂತ ಊರು. ನ್ಯಾಮತಿ ಹತ್ತಿರದ್ದೇ, ಮೊನ್ನೆ ಮೊನ್ನೆಯವರೆಗೂ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿದೆ. ಚನ್ನಗಿರಿಗೂ ಹೇಗೋ ಹೋಗಿಬರಬಹುದು. ಜಗಳೂರಿನದೇ ತೊಡಕು. 1997ರಲ್ಲಿ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ದಾವಣಗೆರೆ ಜಿಲ್ಲೆಯಲ್ಲಿ ಒಂದಾದವು. ಕಾಗದದ ಮೇಲೆ ಒಂದಾದರೂ ದಾರಿ ಕಿರಿದಾಗಲಿಲ್ಲ. ದಾವಣಗೆರೆಯ ಮೇಲೆ ಹೋಗಿಬರಲು ಹೆಚ್ಚುಕಡಿಮೆ 180 ಕಿಲೋಮೀಟರ್. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕಿಗೂ 350 ರೂಪಾಯಿಗೆ ಕಡಿಮೆಯಿಲ್ಲದ ಪೆಟ್ರೋಲು ಬೇಕು. ದುಡಿಮೆ 300, ಖರ್ಚು 350! ಸರಪಳಿ ಅಂಗಡಿಯವರಿಗೋ ನಾಲ್ಕೂ ಊರಿಗೆ ಒಬ್ಬನೇ ಬೇಕು.

ಇದಕ್ಕೆ ಎರಡು ಉಪಾಯಗಳುಂಟು. ಹೋದ ಊರಿನಲ್ಲಿಯೇ ಅಕ್ಕಪಕ್ಕದ ಆಭರಣದಂಗಡಿ, ಆಸ್ಪತ್ರೆಗಳ ಗಾಜನ್ನೂ ಹಿಡಿಯುವುದು ಒಂದು. ಆ ದಿನದ ಪೆಟ್ರೋಲು ಹೆಚ್ಚುವುದಿಲ್ಲ, ಗಳಿಕೆ ಹೆಚ್ಚುತ್ತದೆ. ಸರಪಳಿ ಅಂಗಡಿ ಕೊಡುವುದು ಭರವಸೆಯನ್ನು, ಲಾಭ ಕೊಡುವುದು ನೆರೆಯ ಅಂಗಡಿ. ಎರಡನೆಯದು, ಆ ಊರಿನವನೇ ಒಬ್ಬನಿಗೆ ಕೆಲಸ ಕಲಿಸಿ ಪಾಲು ಕೊಡುವುದು. ನಮ್ಮ ತರುಣ ಜಗಳೂರಿನ ತನ್ನ ಸಹಪಾಠಿಯೊಬ್ಬನನ್ನು ಹೀಗೆ ಜೊತೆಮಾಡಿಕೊಂಡ.

ಕಲಿಸುವುದಕ್ಕೇನಿದೆ ಎನ್ನಬೇಡಿ. ಹಿತ್ತಾಳೆಯ ಹಿಡಿಯಲ್ಲಿ ಒಂದೇ ರಬ್ಬರ್ ಪಟ್ಟಿಯನ್ನು ಕೂಡಿಸಿದ ವೈಪರನ್ನು 1936ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ರೂಪಿಸಿದ ಎಟ್ಟೊರೆ ಸ್ಟೆಕೋನೆ ಇಟಲಿಯಿಂದ ವಲಸೆ ಬಂದಿದ್ದ ಒಬ್ಬ ಗಾಜು ಒರೆಸುವವನೇ. ಸಾಬೂನಿನ ನೀರು ಹಚ್ಚಿ, ಮೇಲಿನಿಂದ ಕೆಳಕ್ಕೆ ಎಳೆದು, ಪ್ರತಿ ಎಳೆತಕ್ಕೂ ಪಟ್ಟಿಯನ್ನು ಬಟ್ಟೆಯಿಂದ ಒರೆಸಿಕೊಳ್ಳಬೇಕು. ಬಿಸಿಲೇರಿದ ಮೇಲೆ ನೀರು ಗಾಜಿನ ಮೇಲೆಯೇ ಆರಿ ಗೆರೆ ಬೀಳುತ್ತದೆ. ಆದ್ದರಿಂದ ಬೆಳಗಿನ ಹೊತ್ತೇ ಲೇಸು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಗಳೂರು ಬರದ ಸೀಮೆ, ಕೊಳವೆಬಾವಿಯ ಗಡಸುನೀರಿನ ನಾಡು. ಆ ನೀರಿನ ಸುಣ್ಣದಂಶ ಗಾಜಿನ ಮೇಲೆ ಬಿಳಿಯ ಚುಕ್ಕೆಯಾಗಿ ಉಳಿಯುತ್ತದೆ. ಅಲ್ಲಿ ಶುದ್ಧೀಕರಿಸಿದ ನೀರೋ ಹಿಡಿದಿಟ್ಟ ಮಳೆನೀರೋ ಬೇಕು.

ಕೆಲಸ ಮುಗಿದ ಮೇಲೆ ಹಣ. ದೊಡ್ಡ ಕಚೇರಿಯ ಬಿಲ್ಲು ಮೇಜಿನಿಂದ ಮೇಜಿಗೆ ನಡೆಯುವಷ್ಟರಲ್ಲಿ ಚಿಕ್ಕವನ ಮನೆಯ ಒಲೆ ಆರಬಹುದು. ಕಾನೂನು ಇಲ್ಲಿ ಅವನ ಪಕ್ಷದಲ್ಲಿದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಆದ ಕಾಯಿದೆಯಂತೆ, ಬರಹದ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನಗಳೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಆಶ್ರಯಕ್ಕೆ, 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಸಿಕೊಂಡಿರಬೇಕು, ಅದಕ್ಕೆ ಶುಲ್ಕವಿಲ್ಲ. ನೋಂದಣಿಯ ಸಂಖ್ಯೆಯನ್ನು ಬಿಲ್ಲಿನ ತಲೆಯಲ್ಲಿಯೇ ಬರೆದರೆ ಜಗಳವಾಡದೆಯೇ ಅರ್ಧ ಕೆಲಸ ಆದೀತು.

ಇನ್ನೊಂದು ಇಕ್ಕಟ್ಟೂ ಬಂದಿತು. ಒಂದು ಮಳಿಗೆಯಲ್ಲಿ, ಕರಾರು ಬೇಕಾದರೆ ತಿಂಗಳಿಗೆ ಇಷ್ಟು ನನಗೆ ಎಂಬ ಸೂಚನೆ ಸಿಕ್ಕಿತಂತೆ. ಹುಡುಗ ನನ್ನನ್ನು ಕೇಳಿದ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕನ ಹೆಸರನ್ನು ಅವನಿಗೆ ನೆನಪಿಸಿದೆ. ಅಂಗಳ ಗುಡಿಸುವುದು ಆ ಹನ್ನೆರಡನೆಯ ಶತಮಾನದ ಶರಣೆಯ ಕಾಯಕ. ಲಂಚವನ್ನು ಮುಟ್ಟೆನೆಂದೂ ದಾರಿಯಲ್ಲಿ ಬಿದ್ದ ಹೊನ್ನನ್ನೂ ಎತ್ತೆನೆಂದೂ ವಚನದಲ್ಲಿ ಆಣೆಯಿಟ್ಟವಳು ಅವಳು. ಕಸಬರಿಕೆ ಹಿಡಿದ ಕೈ ಬರೆದ ಮಾತನ್ನು ನಾವು ಪಠ್ಯವಾಗಿ ಬೋಧಿಸುತ್ತೇವೆ. ಅದೇ ಪಾಠ ಕೇಳಿದ ಹುಡುಗ ವೈಪರು ಹಿಡಿದರೆ ಕುಂದೇನು? ಅವನು ಲಂಚದ ಲೆಕ್ಕವನ್ನು ದರದೊಳಗೆ ಸೇರಿಸಲು ಒಪ್ಪಲಿಲ್ಲ. ಆ ಮಳಿಗೆ ಕೈತಪ್ಪಿತು. ಉಳಿದ ಮೂರು ಊರುಗಳಲ್ಲಿ ಒಂದು ವರ್ಷದ ಕರಾರು ದೊರಕಿದೆ. ಜಗಳೂರೂ ಅವುಗಳಲ್ಲಿ ಒಂದು.

ವರ್ಷ ಕಳೆದ ಮೇಲೆ ಕರಾರು ಮುಂದುವರಿಯುವುದೋ ಇಲ್ಲವೋ ಅವನ ಕೈಯ ಕೆಲಸಕ್ಕೂ ಮೇಲಿನವರ ಮರ್ಜಿಗೂ ಬಿಟ್ಟದ್ದು. ತಂದೆ ಈಗ ಮಾತಾಡುತ್ತಾರಂತೆ. ಗಾಜಿನ ವಿಷಯವೊಂದನ್ನು ಬಿಟ್ಟು. ಅದಕ್ಕೂ ಕಾಲ ಬಂದೀತು.

ತಮ್ಮ ಅಂಗಡಿಯ ಬಾಗಿಲಿಗೆ ಇಂಥ ತರುಣರು ಬಂದು ನಿಂತಾಗ ಬೇಡವೆನ್ನುವ ಮೊದಲು ದರ ಕೇಳಿ. ಕೆಲಸ ಒಪ್ಪಿಗೆಯಾದರೆ ಅಂದಿನ ಹಣವನ್ನು ಅಂದೇ ಕೊಡಿ. ಬೇಸಗೆಯ ಜಗಳೂರಾದರೆ ಒಂದು ಬಕೆಟ್ ಸಿಹಿನೀರನ್ನೂ ಕೊಡಿ.