ಹಾವರ್ತ್: ನೀರಿಗಾಗಿ ಅರ್ಜಿ ಬರೆದ ಊರು



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಓದಿದವರು ತಮ್ಮ ಊರಿಗೆ ಏನು ಮಾಡಬಹುದು ಎಂಬುದಕ್ಕೆ ದೂರದ ಒಂದು ಹಳ್ಳಿಯ ಉದಾಹರಣೆ ಹೇಳುತ್ತೇನೆ. ಅದರ ಹೆಸರು ಹಾವರ್ತ್. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ, ಕೀತ್ಲಿ ಎಂಬ ಪಟ್ಟಣದ ಹೊರವಲಯದ ಗುಡ್ಡದ ಮೇಲಿದೆ. ಕಲ್ಲು ಹಾಸಿದ ಕಡಿದಾದ ಬೀದಿ, ಅದರ ತುದಿಯಲ್ಲಿ ಚರ್ಚು, ಸ್ಮಶಾನ, ಪಾದ್ರಿಯ ಮನೆ.

ಆ ಮನೆಯ ಮೂವರು ಹೆಣ್ಣುಮಕ್ಕಳು ಷಾರ್ಲಟ್, ಎಮಿಲಿ ಮತ್ತು ಆ್ಯನ್ ಬ್ರಾಂಟೆ. 1847ರಲ್ಲಿ ಮೂವರ ಕಾದಂಬರಿಗಳೂ ಗಂಡಸರದೋ ಹೆಂಗಸರದೋ ಎಂದು ತಿಳಿಯದ ಹೆಸರುಗಳಲ್ಲಿ ಅಚ್ಚಾದವು. ‘ಜೇನ್ ಐರ್’ ಮತ್ತು ‘ವುದರಿಂಗ್ ಹೈಟ್ಸ್’ ಇಂದಿಗೂ ಕಾಲೇಜುಗಳಲ್ಲಿ ಪಠ್ಯ. ಈ ಕಾದಂಬರಿಗಳಿಂದಾಗಿ ಊರು ಪ್ರಸಿದ್ಧವಾಯಿತು. ಆದರೆ ನಾನು ಹೇಳಹೊರಟಿರುವುದು ಅವರ ತಂದೆ ಪ್ಯಾಟ್ರಿಕ್ ಬ್ರಾಂಟೆಯ ವಿಷಯ.

ಪ್ಯಾಟ್ರಿಕ್ 1777ರಲ್ಲಿ ಐರ್ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿದವರು. ಹತ್ತು ಮಕ್ಕಳಲ್ಲಿ ಹಿರಿಯರು. ಹದಿಹರೆಯದಲ್ಲೇ ಮೇಷ್ಟ್ರಾಗಿ, ಮುಂದೆ ಕೇಂಬ್ರಿಜ್‌ನಲ್ಲಿ ಓದಿ, 1820ರಲ್ಲಿ ಹಾವರ್ತ್‌ಗೆ ಪಾದ್ರಿಯಾಗಿ ಬಂದರು. 1832ರಲ್ಲಿ ತಮ್ಮ ಮನೆಯ ಪಕ್ಕದಲ್ಲೇ ಬಡಮಕ್ಕಳಿಗಾಗಿ ಭಾನುವಾರದ ಶಾಲೆ ಕಟ್ಟಿಸಿದರು. ಅವರ ಮಕ್ಕಳೂ ಅಲ್ಲಿ ಪಾಠ ಹೇಳಿದರು.

ಆಗ ಊರಿನ ಸ್ಥಿತಿ ಕೆಟ್ಟದ್ದಾಗಿತ್ತು. ಅನೇಕರು ಮನೆಯಲ್ಲೇ ಒಲೆ ಉರಿಸಿ, ಕಿಟಕಿ ಮುಚ್ಚಿ, ಉಣ್ಣೆ ಬಾಚುವ ಕೂಲಿ ಮಾಡುತ್ತಿದ್ದರು. ಕೊಳಚೆ ನೀರು ಬೀದಿಯಲ್ಲೇ ಹರಿಯುತ್ತಿತ್ತು. ಇಡೀ ಹಳ್ಳಿಗೆ 69 ಕಕ್ಕಸುಗಳು. ಬೇಸಿಗೆಯಲ್ಲಿ ಬಾವಿಯ ನೀರು ಸಾಲದೆ ಹೆಂಗಸರು ನಸುಕಿಗೆ ಮೊದಲೇ ಕೊಡ ಹಿಡಿದು ಕಾಯಬೇಕಿತ್ತು. ಈ ಮಾತನ್ನು ಇಲ್ಲಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1848ರಲ್ಲಿ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯದ ಕಾಯ್ದೆ ಬಂತು. ಊರಿನ ತೆರಿಗೆದಾರರಲ್ಲಿ ಹತ್ತರಲ್ಲೊಂದು ಪಾಲು ಜನ ಸಹಿ ಹಾಕಿ ಕೇಳಿದರೆ ಸರ್ಕಾರ ತನಿಖಾಧಿಕಾರಿಯನ್ನು ಕಳಿಸಬಹುದಿತ್ತು. ಕಾಯ್ದೆ ಇದ್ದರೆ ಸಾಕೇ? ಅದನ್ನು ಓದಿ, ಅರ್ಜಿ ಬರೆದು, ಸಹಿ ಹಾಕಿಸುವವರು ಊರಲ್ಲಿರಬೇಕು. 1848ರ ಸೆಪ್ಟೆಂಬರಿನಿಂದ 1849ರ ಮೇ ತಿಂಗಳೊಳಗೆ ಪ್ಯಾಟ್ರಿಕ್ ತಮ್ಮ ಒಬ್ಬನೇ ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕ್ಷಯಕ್ಕೆ ಕಳೆದುಕೊಂಡಿದ್ದರು. ವಯಸ್ಸು ಎಪ್ಪತ್ತೆರಡು. ಅದೇ 1849ರಲ್ಲಿ ಅವರು ಮುಂದೆ ನಿಂತು ಊರವರ ಅರ್ಜಿಯನ್ನು ಲಂಡನ್ನಿಗೆ ಕಳಿಸಿದರು.

1850ರಲ್ಲಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಎಂಬ ಅಧಿಕಾರಿ ಬಂದರು. ಗಣಕಯಂತ್ರದ ಕಲ್ಪನೆ ಕೊಟ್ಟ ಚಾರ್ಲ್ಸ್ ಬ್ಯಾಬೇಜ್ ಅವರ ಮಗ. ಮನೆಮನೆ ನೋಡಿ, ಸಾವಿನ ಲೆಕ್ಕ ತೆಗೆದರು. ಹುಟ್ಟಿದ ನೂರು ಮಕ್ಕಳಲ್ಲಿ ನಲವತ್ತೊಂದಕ್ಕೂ ಹೆಚ್ಚು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಸತ್ತವರ ಸರಾಸರಿ ವಯಸ್ಸು 25.8 ವರ್ಷ. ಗುಡ್ಡದ ಮೇಲಿನ ಒಳ್ಳೆಯ ಗಾಳಿಯ ಹಳ್ಳಿಯಲ್ಲಿ ಲಂಡನ್ನಿನ ಕೊಳೆಗೇರಿಗಳಷ್ಟು ಸಾವು! ಶುದ್ಧ ನೀರು ತರಬೇಕು, ಚರಂಡಿ ಕಟ್ಟಬೇಕು, ತುಂಬಿಹೋದ ಸ್ಮಶಾನವನ್ನು ಮುಚ್ಚಬೇಕು ಎಂದು ಅವರು ವರದಿ ಕೊಟ್ಟರು.

ಕೆಲಸ ಕೂಡಲೇ ಆಗಲಿಲ್ಲ. ತೆರಿಗೆ ಹೆಚ್ಚುತ್ತದೆ ಎಂದು ಊರಿನ ಆಸ್ತಿವಂತರಲ್ಲಿ ಕೆಲವರು ಅಡ್ಡಬಂದರು. ಪ್ಯಾಟ್ರಿಕ್ ಬಿಡದೆ ಲಂಡನ್ನಿಗೆ ಕಾಗದ ಬರೆಯುತ್ತಲೇ ಇದ್ದರು. ನೀರಿನ ವ್ಯವಸ್ಥೆ ಆಗುವುದಕ್ಕೆ ವರ್ಷಗಳೇ ಹಿಡಿದವು. 1855ರಲ್ಲಿ ಷಾರ್ಲಟ್ ಕೂಡ ತೀರಿಕೊಂಡರು. ಆರು ಮಕ್ಕಳನ್ನೂ ಕಳೆದುಕೊಂಡ ತಂದೆ 1861ರವರೆಗೆ ಅದೇ ಊರಿನಲ್ಲಿ ಬಾಳಿದರು.

ಅವರ ಮನೆ 1928ರಿಂದ ವಸ್ತುಸಂಗ್ರಹಾಲಯ. ಕಾದಂಬರಿ ಓದಿದವರು ದೇಶದೇಶಗಳಿಂದ ಅಲ್ಲಿಗೆ ಬರುತ್ತಾರೆ.

ಮಿತ್ರರೇ, ಷಾರ್ಲಟ್‌ಳಂತೆ ಬರೆಯುವ ಶಕ್ತಿ ಎಲ್ಲೋ ಒಬ್ಬರಿಗೆ ಬರುತ್ತದೆ. ಆದರೆ ಅರ್ಜಿ ಬರೆಯುವಷ್ಟು ವಿದ್ಯೆಯನ್ನು ಈ ಶಾಲೆ ನಮಗೆಲ್ಲ ಕೊಟ್ಟಿದೆ. ಪಟ್ಟಣ ಸೇರಿದವರು ಊರಿಗೆ ಬಂದಾಗ ಇಲ್ಲಿಯವರ ಜೊತೆ ಕೂತು ಒಂದು ಕಾಗದ ಬರೆಯಿರಿ, ಉತ್ತರ ಬಾರದಿದ್ದರೆ ಇನ್ನೊಂದು ಬರೆಯಿರಿ. ಇಷ್ಟನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.