ಮೂಲೆಯಲ್ಲಿಲ್ಲದ ಆ ಒಂದು ಪದ



ಪತ್ರಿಕೆಯಲ್ಲಿ ಕೆಲವು ಬರಹಗಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಜಾಹೀರಾತು’ ಎಂದು ಅಚ್ಚಾಗಿರುತ್ತದೆ. ಚುನಾವಣೆ ಬಂದಾಗ ಆ ಪದವನ್ನು ಅಚ್ಚು ಹಾಕದೆ ಬಿಡುವುದಕ್ಕೇ ಒಂದು ಬೆಲೆ ಇದೆ. ಕಾಸಿಗಾಗಿ ಸುದ್ದಿ ಎನ್ನುತ್ತೇವಲ್ಲ, ಅದರ ಗುಟ್ಟೆಲ್ಲ ಇಷ್ಟೇ.

2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ಆಗಿನ ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಬರಹಗಳು ಮರಾಠಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದವು. ಪತ್ರಕರ್ತ ಪಿ. ಸಾಯಿನಾಥ್ ಅವನ್ನೆಲ್ಲ ಒಟ್ಟಿಗೆ ಇಟ್ಟು ಓದಿದರು. ಒಂದಕ್ಕೊಂದು ಪೈಪೋಟಿ ನಡೆಸುವ ಪತ್ರಿಕೆಗಳಲ್ಲಿ ಒಂದೇ ಬರಹ, ಪದಕ್ಕೆ ಪದ! ಚವಾಣ್ ಸಲ್ಲಿಸಿದ ಖರ್ಚಿನ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆಂದು ಇದ್ದದ್ದು 5,379 ರೂಪಾಯಿ. ಅವರು ಆರೋಪವನ್ನು ಅಲ್ಲಗಳೆದರು. ಅಭ್ಯರ್ಥಿಯ ಲೆಕ್ಕ ನಿಜವೋ ಸುಳ್ಳೋ ಎಂದು ವಿಚಾರಿಸುವ ಅಧಿಕಾರ ಚುನಾವಣಾ ಆಯೋಗಕ್ಕಿದೆ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಚವಾಣ್ ವಿರುದ್ಧ ಆಯೋಗ ಹೊರಡಿಸಿದ ಆದೇಶವನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿತು.

ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರ ಕತೆ ಬೇರೆ. 2007ರ ಚುನಾವಣೆಯಲ್ಲಿ ಅವರ ಪರವಾಗಿ ಎರಡು ಹಿಂದಿ ಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಬಂದ ಬರಹಗಳ ಖರ್ಚು ಲೆಕ್ಕದಲ್ಲಿ ಇರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಆಯೋಗ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ಶಾಸಕಿಯ ಸ್ಥಾನ ಹೋಯಿತು. ಪತ್ರಿಕೆಗಳು? ಅವು ಎಂದಿನಂತೆ ಮರುದಿನವೂ ಅಚ್ಚಾದವು. ನಮ್ಮ ಕಾನೂನು ಕೊಂಡವರ ಲೆಕ್ಕ ಕೇಳುತ್ತದೆ, ಮಾರಿದವರ ಲೆಕ್ಕ ಕೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಪತ್ರಿಕಾ ಮಂಡಳಿಯೇ ಏನು ಮಾಡಿತು ನೋಡಿ. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿ 2010ರಲ್ಲಿ ಕಾಸಿಗಾಗಿ ಸುದ್ದಿಯ ಬಗ್ಗೆ 71 ಪುಟಗಳ ವರದಿ ಕೊಟ್ಟಿತು, ಪತ್ರಿಕೆಗಳ ಹೆಸರು ಹೇಳಿಯೇ ಬರೆಯಿತು. ಮಂಡಳಿ ಮೊದಲು ಹೊರಗೆ ಬಿಟ್ಟಿದ್ದು ಆ ಹೆಸರುಗಳಿಲ್ಲದ ಕಿರುವರದಿಯನ್ನು. ಪೂರ್ತಿ ವರದಿ ಜನರ ಕೈಗೆ ಬರಲು ಮಾಹಿತಿ ಆಯೋಗದ ಆದೇಶ ಬೇಕಾಯಿತು. ಊರಿನವರ ಹುಳುಕನ್ನೆಲ್ಲ ಬಯಲಿಗೆಳೆಯುವ ವೃತ್ತಿ ತನ್ನ ಸರದಿ ಬಂದಾಗ ಬಾಗಿಲು ಮುಚ್ಚಿಕೊಂಡಿತು. ಕಾಸಿಗಾಗಿ ಸುದ್ದಿಯನ್ನು ಚುನಾವಣಾ ಅಪರಾಧವೆಂದು ಘೋಷಿಸಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿದರೂ ಆ ಕಾನೂನು ಬರಲಿಲ್ಲ.

ಉದ್ದಿಮೆಗಳು ಪಕ್ಷಗಳ ಮೇಲೆ ಬೀರುವ ಪ್ರಭಾವವೂ ಇದೇ ಜಾತಿಯದು. 2018ರಿಂದ ಚುನಾವಣಾ ಬಾಂಡ್ ಮೂಲಕ ಪಕ್ಷಗಳಿಗೆ ಹಣ ಹರಿಯಿತು. ಕೊಟ್ಟವರ ಹೆಸರು ಮತದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಾಂವಿಧಾನಿಕ ಎಂದರು. ಹಣ ಯಾರದೆಂದು ತಿಳಿಯುವುದು ಮತದಾರರ ಹಕ್ಕು ಎಂಬುದೇ ಆ ತೀರ್ಪಿನ ತಿರುಳು. ಪಕ್ಷಕ್ಕೆ ಹೇಳಿದ ಈ ಮಾತು ಪತ್ರಿಕೆಗೆ, ಟಿವಿಗೆ ಯಾಕೆ ಸಲ್ಲಬಾರದು?

ಪತ್ರಿಕೆ ಅಂದಮೇಲೆ ಜಾಹೀರಾತು ಬೇಕೇ ಬೇಕು, ಏನು ಮಾಡೋದು ಎನ್ನುವವರಿದ್ದಾರೆ. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನೇ ನೆಚ್ಚದೆ ಓದುಗರ ದುಡ್ಡಿನಲ್ಲಿ ನಡೆಯಿತು. ಎಲ್ಲರೂ ಹಾಗೆ ನಡೆಸಲಿ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಜಾಹೀರಾತು ಹಾಕಲಿ, ಹಾಗೆಂದು ಬರೆದು ಹಾಕಲಿ.

ಮುಂದಿನ ಚುನಾವಣೆಯಲ್ಲಿ ಎರಡು ಪತ್ರಿಕೆ ಕೊಳ್ಳಿ, ಪಕ್ಕಪಕ್ಕ ಇಟ್ಟು ಓದಿ. ಒಂದೇ ಬರಹ ಎರಡರಲ್ಲೂ ಕಂಡರೆ ಕತ್ತರಿಸಿ, ತಾರೀಕು ಬರೆದು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಿ. ಇದನ್ನು ಪರಿಶೀಲಿಸಲೆಂದೇ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ. ಅದರ ಮೇಜಿನ ಮೇಲೆ ನಿಮ್ಮ ಆ ತುಣುಕು ಬೀಳಲಿ.